ಹಳೆಯ ಮನೆಗಳನ್ನು ಓದುವ ಬಗೆ: ಕವಾಸಾಕಿಯ ನಿಹೊನ್ ಮಿಂಕಾ-ಎನ್ ನೋಡಲು ಸಮಗ್ರ ಮಾರ್ಗದರ್ಶಿ

ಟೋಕಿಯೊದ ಶಿಂಜುಕು ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದೂರದಲ್ಲಿ, ಕವಾಸಾಕಿ ನಗರದ ಇಕುತಾ ರ್ಯೊಕುಚಿ ಎಂಬ ಗುಡ್ಡದ ಉದ್ಯಾನದೊಳಗೆ, ಜಪಾನಿನ ಬೇರೆ ಬೇರೆ ಪ್ರಾಂತ್ಯಗಳಿಂದ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದ 25 ಹಳೆಯ ಕಟ್ಟಡಗಳಿವೆ. ಇದರ ಹೆಸರು ನಿಹೊನ್ ಮಿಂಕಾ-ಎನ್. ‘ಮಿಂಕಾ’ ಎಂದರೆ ಜನಸಾಮಾನ್ಯರ ಮನೆ. ರೈತರು, ಮೀನುಗಾರರು, ವ್ಯಾಪಾರಿಗಳು ಬಾಳಿದ ಮನೆ. ‘ಎನ್’ ಎಂದರೆ ಉದ್ಯಾನ. ಕೋಟೆ, ದೇವಾಲಯಗಳನ್ನು ಹುಡುಕಿಕೊಂಡು ಜಪಾನಿಗೆ ಹೋಗುವ ನಮ್ಮವರಲ್ಲಿ ಇಲ್ಲಿಗೆ ಬರುವವರು ಕಡಿಮೆ. ಬಂದವರಲ್ಲಿಯೂ ಹೆಚ್ಚಿನವರು ಹುಲ್ಲಿನ ಮಾಡಿನ ಎದುರು ನಿಂತು ಒಂದು ಫೋಟೊ, ಮುಂದಿನ ಹುಲ್ಲಿನ ಮಾಡಿನ ಎದುರು ಇನ್ನೊಂದು ಫೋಟೊ ತೆಗೆದುಕೊಳ್ಳುತ್ತ ಸಾಗುತ್ತಾರೆ. ಆರನೆಯ ಮನೆಯ ಹೊತ್ತಿಗೆ ಎಲ್ಲ ಮನೆಗಳೂ ಒಂದೇ ಥರ ಕಾಣತೊಡಗುತ್ತವೆ, ಹನ್ನೆರಡನೆಯ ಮನೆಯ ಹೊತ್ತಿಗೆ ಕಾಲು ನೋಯುತ್ತದೆ.

ಹಾಗಾಗದಂತೆ ನೋಡುವುದು ಹೇಗೆ ಎಂಬುದೇ ಈ ಬರಹದ ವಿಷಯ. ನಾನು ಹೇಳುವುದು ಇಷ್ಟೇ: 25 ಕಟ್ಟಡಗಳನ್ನೂ ನೋಡಿ ಮುಗಿಸುವ ಹಠವನ್ನು ಗೇಟಿನಲ್ಲಿಯೇ ಬಿಡಿ. ಏಳೆಂಟು ಮನೆಗಳನ್ನು ಆರಿಸಿಕೊಂಡು, ಪ್ರತಿಯೊಂದನ್ನೂ ಒಂದೇ ಕ್ರಮದಲ್ಲಿ, ಅಂದರೆ ಮೊದಲು ನೆಲ, ಆಮೇಲೆ ಒಲೆ, ಆಮೇಲೆ ಕಂಬ, ಕೊನೆಗೆ ಮಾಡು ಎಂಬಂತೆ ನೋಡಿ. ಒಂದೇ ಕ್ರಮದಲ್ಲಿ ನೋಡಿದಾಗ ಮಾತ್ರ ಒಂದು ಮನೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ.

ಮೊದಲು ಈ ಜಾಗ ಹುಟ್ಟಿದ ಬಗೆಯನ್ನು ತಿಳಿದುಕೊಳ್ಳಿ

ಕವಾಸಾಕಿ ಕಾರ್ಖಾನೆಗಳ ಊರು. ಯುದ್ಧಾನಂತರದ ಆರ್ಥಿಕ ಬೆಳವಣಿಗೆಯ ವರ್ಷಗಳಲ್ಲಿ ಅದರ ಸುತ್ತಮುತ್ತಲಿನ ಹಳ್ಳಿಗಳು ಬಡಾವಣೆಗಳಾಗತೊಡಗಿದಾಗ, ಹುಲ್ಲಿನ ಮಾಡಿನ ಮನೆಗಳು ಒಂದೊಂದಾಗಿ ನೆಲಕ್ಕುರುಳಿದವು. ಆ ನಡುವೆ ನಗರದ ಅಸಾವೊ ಭಾಗದಲ್ಲಿದ್ದ ಇತೊ ಕುಟುಂಬದ ಮನೆಯ ಬೆಲೆ ವಿದ್ವಾಂಸರ ಗಮನಕ್ಕೆ ಬಂತು. 1964ರಲ್ಲಿ ಅದು ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿತವಾಯಿತು. ಆ ಮನೆಯನ್ನು ಊರಲ್ಲಿಯೇ ಉಳಿಸಿಕೊಳ್ಳಬೇಕೆಂಬ ಪ್ರಯತ್ನದಿಂದ ಹುಟ್ಟಿದ್ದು ಈ ವಸ್ತುಸಂಗ್ರಹಾಲಯ. ಅದು 1967ರಲ್ಲಿ ತೆರೆಯಿತು. ಹಾಗಾಗಿ ಇತೊ ಮನೆಯನ್ನು ಬಿಟ್ಟು ಬರಬೇಡಿ. ಉಳಿದ ಮನೆಗಳೆಲ್ಲ ಅದರ ಬೆನ್ನ ಹಿಂದೆ ಬಂದವು.

ದಿನ ಮತ್ತು ಹೊತ್ತನ್ನು ಗೊತ್ತುಮಾಡುವುದು

ಸೋಮವಾರ ರಜೆ. ನಾನು ಮೊದಲ ಸಲ ಹೋದದ್ದು ಸೋಮವಾರವೇ. ಮುಚ್ಚಿದ ಗೇಟನ್ನು ನೋಡಿ, ಪಕ್ಕದ ಕಾಡಿನಲ್ಲಿ ಒಂದು ಸುತ್ತು ಹಾಕಿ, ಕಟ್ಟಿಕೊಂಡು ಹೋದ ಚಪಾತಿಯನ್ನು ಕಲ್ಲುಬೆಂಚಿನ ಮೇಲೆ ಕೂತು ತಿಂದು ವಾಪಸು ಬಂದೆ. ಸೋಮವಾರವೇ ಸಾರ್ವಜನಿಕ ರಜಾದಿನವಾದರೆ ಅಂದು ತೆರೆದಿದ್ದು, ನಂತರದ ದಿನ ಮುಚ್ಚಿರುತ್ತದೆ. ಡಿಸೆಂಬರ್ 29ರಿಂದ ಜನವರಿ 3ರವರೆಗೂ ಬಾಗಿಲು ಹಾಕಿರುತ್ತದೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ 9.30ರಿಂದ ಸಂಜೆ 5ರವರೆಗೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ 4.30ರವರೆಗೆ ತೆರೆದಿದ್ದು, ಮುಚ್ಚುವ ಅರ್ಧ ಗಂಟೆ ಮೊದಲೇ ಟಿಕೆಟ್ ಕೊಡುವುದು ನಿಲ್ಲುತ್ತದೆ. ದೊಡ್ಡವರಿಗೆ 550 ಯೆನ್. ವೇಳೆಯೂ ದರವೂ ಬದಲಾಗಬಹುದಾದ್ದರಿಂದ ಹೊರಡುವ ಮುನ್ನ ಅವರ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಾಲದ ಆಯ್ಕೆಯಲ್ಲಿ ನನ್ನದು ಸ್ವಲ್ಪ ಹಠದ ಅಭಿಪ್ರಾಯ. ಎಲ್ಲರೂ ನವೆಂಬರ್ ಕೊನೆಯಲ್ಲಿ, ಮೇಪಲ್ ಎಲೆಗಳು ಕೆಂಪಾದಾಗ ಹೋಗಿರೆನ್ನುತ್ತಾರೆ. ಆಗ ಹೊರಗಿನ ನೋಟ ಚೆಂದವೆಂಬುದು ನಿಜ. ಆದರೆ ಜನರೂ ಹೆಚ್ಚು, ಕಣ್ಣು ಮನೆಗಿಂತ ಮರಗಳ ಮೇಲೆಯೇ ಇರುತ್ತದೆ. ಜನವರಿ, ಫೆಬ್ರವರಿಯ ಒಂದು ವಾರದ ದಿನ ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಹೋಗಿ ನೋಡಿ: ಮನೆಯೊಳಗಿನ ಚಳಿ ಮೂಳೆಗೆ ಮುಟ್ಟಿದಾಗಲೇ ಆ ಮನೆಯ ನಡುವೆ ಬೆಂಕಿಯನ್ನು ಏಕೆ ಇಟ್ಟರು ಎಂಬುದು ಮೈಗೆ ಅರ್ಥವಾಗುತ್ತದೆ. ಜೂನ್ ನಡುವಿನಿಂದ ಜುಲೈ ನಡುವಿನವರೆಗಿನ ಮಳೆಗಾಲದಲ್ಲಿ ಹುಲ್ಲಿನ ಮಾಡಿನಿಂದ ನೀರು ತೊಟ್ಟಿಕ್ಕುವುದನ್ನು ನೋಡುವ ಸುಖವೇ ಬೇರೆ, ಆದರೆ ಗುಡ್ಡದ ದಾರಿ ಜಾರುತ್ತದೆ. ಆಗಸ್ಟ್ ತಿಂಗಳು ಬೇಡ. ಸೆಕೆಯ ಜೊತೆಗೆ ಸೊಳ್ಳೆಗಳೂ ಸೇರಿಕೊಳ್ಳುತ್ತವೆ.

ಏನು ತೊಡಬೇಕು, ಏನು ಒಯ್ಯಬೇಕು

ಮುಖ್ಯವಾದದ್ದು ಪಾದರಕ್ಷೆ. ಇಡೀ ಜಾಗ ಏರುಪೇರಿನ ಗುಡ್ಡದಲ್ಲಿದೆ, ಹಾಗಾಗಿ ಹಿಡಿತವಿರುವ ಶೂ ಬೇಕು. ಆದರೆ ಕೆಲವು ಮನೆಗಳಲ್ಲಿ ಒಳಗಿನ ನೆಲದ ಮೇಲೆ ಹತ್ತಲು ಬಿಡುತ್ತಾರಾದ್ದರಿಂದ ಅದೇ ಶೂವನ್ನು ಮತ್ತೆ ಮತ್ತೆ ಬಿಚ್ಚಿ ಹಾಕಬೇಕಾಗುತ್ತದೆ. ಲೇಸಿನ ಶೂ ಹಾಕಿಕೊಂಡು ಹೋದವರು ಮೂರನೆಯ ಮನೆಯ ನಂತರ ಹೊರಗಿನಿಂದಲೇ ಇಣುಕಿ ಮುಂದೆ ಹೋಗುವುದನ್ನು ಬಹಳ ಸಲ ನೋಡಿದ್ದೇನೆ. ಕಾಲನ್ನು ತೂರಿಸಿ ಹೊರಟುಬಿಡುವಂಥ ಶೂ, ತೂತಿಲ್ಲದ ದಪ್ಪನೆಯ ಕಾಲುಚೀಲ, ಇವೆರಡಿದ್ದರೆ ಅರ್ಧ ಕೆಲಸ ಮುಗಿಯಿತು. ಬೇಸಿಗೆಯಲ್ಲಿ ಚಪ್ಪಲಿಯಲ್ಲಿ ಹೋಗುವವರು ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಬೇಕು. ಬರಿಗಾಲಲ್ಲಿ ಹಳೆಯ ಹಲಗೆಯ ಮೇಲೆ ನಡೆಯುವುದು ಮರಕ್ಕೂ ಒಳ್ಳೆಯದಲ್ಲ, ಸಿಬಿರು ಚುಚ್ಚುವ ನಿಮ್ಮ ಪಾದಕ್ಕೂ ಅಲ್ಲ.

ಮನೆಗಳ ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ. ಮೊಬೈಲ್ ಟಾರ್ಚನ್ನು ಕಿಸೆಯಲ್ಲಿಯೇ ಇಟ್ಟುಕೊಳ್ಳಿ, ಮಾಡಿನ ಒಳಮೈ ನೋಡುವಾಗ ಮಾತ್ರ ತೆಗೆದರೆ ಸಾಕು. ಒಂದು ಚಿಕ್ಕ ನೋಟ್‌ಬುಕ್ ಇದ್ದರೆ ಒಳ್ಳೆಯದು. ಏಕೆಂದು ಮುಂದೆ ಹೇಳುತ್ತೇನೆ. ಒಲೆಯ ಹೊಗೆ ಬಟ್ಟೆಗೆ ಹಿಡಿಯುತ್ತದೆ, ಆದ್ದರಿಂದ ಅಂದೇ ಸಂಜೆ ಯಾರದೋ ಮನೆಗೆ ಊಟಕ್ಕೆ ಹೋಗುವುದಿದ್ದರೆ ಒಳ್ಳೆಯ ಕೋಟನ್ನು ಮನೆಯಲ್ಲಿಯೇ ಬಿಡಿ.

ತಲುಪುವುದು

ಶಿಂಜುಕುವಿನಿಂದ ಒದಾಕ್ಯು ಮಾರ್ಗದ ರೈಲು ಹತ್ತಿ ಮುಕೊಗಾವೊಕಾ-ಯೂಎನ್ ನಿಲ್ದಾಣದಲ್ಲಿ ಇಳಿಯಬೇಕು. ಇಲ್ಲೊಂದು ಎಚ್ಚರಿಕೆ: ಅದೇ ಮಾರ್ಗದ ಅತಿವೇಗದ ಕೆಲವು ರೈಲುಗಳು ಹಿಂದಿನ ನಿಲ್ದಾಣವಾದ ನೊಬೊರಿತೊದಲ್ಲಿ ನಿಂತು, ಇಲ್ಲಿ ನಿಲ್ಲದೆ ಮುಂದೆ ಓಡುತ್ತವೆ. ಸಾಧಾರಣ ಎಕ್ಸ್‌ಪ್ರೆಸ್ ಹಿಡಿದರೆ ಯೋಚನೆಯಿಲ್ಲ. ಟೋಕಿಯೊದ ನಿಶಿ-ಕಸಾಯಿ ಕಡೆ ವಾಸವಿರುವ ಕನ್ನಡಿಗರು ಊರನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿ ಬರಬೇಕಾದ್ದರಿಂದ ಒಂದು ಗಂಟೆಗೂ ಹೆಚ್ಚಿನ ಸಮಯ ಇಟ್ಟುಕೊಳ್ಳುವುದು ಕ್ಷೇಮ. ನಿಲ್ದಾಣದ ದಕ್ಷಿಣದ ಬಾಗಿಲಿನಿಂದ ಹೊರಬಂದರೆ ಮುಖ್ಯ ದ್ವಾರಕ್ಕೆ ಕಾಲ್ನಡಿಗೆಯಲ್ಲಿ 13 ನಿಮಿಷವೆಂದು ವಸ್ತುಸಂಗ್ರಹಾಲಯದವರು ಹೇಳುತ್ತಾರೆ. ಮಕ್ಕಳ ಜೊತೆ 20 ನಿಮಿಷವೆಂದುಕೊಳ್ಳಿ.

ಒಳಗೆ ಹೋದ ಕೂಡಲೇ

ಗೇಟಿನ ಬಳಿಯ ಮುಖ್ಯ ಕಟ್ಟಡದಲ್ಲಿ ಒಂದು ಪ್ರದರ್ಶನ ಕೋಣೆಯಿದೆ. ಮನೆ ಕಟ್ಟುವ ಬಗೆ, ಮಾಡಿನ ಆಕಾರಗಳು, ಬಡಗಿಯ ಉಪಕರಣಗಳು ಅಲ್ಲಿವೆ. ಹೊರಗೆ ನಿಜವಾದ ಮನೆಗಳು ಕಾಯುತ್ತಿರುವಾಗ ಕೋಣೆಯೊಳಗೆ ಮಾದರಿಗಳನ್ನು ನೋಡಲು ಮನಸ್ಸು ಒಪ್ಪುವುದಿಲ್ಲ, ಆದರೂ 15 ನಿಮಿಷ ಅಲ್ಲಿ ಕಳೆಯಿರಿ. ನಕ್ಷೆಯನ್ನು ತೆಗೆದುಕೊಳ್ಳುವಾಗಲೇ ಎರಡು ಪ್ರಶ್ನೆ ಕೇಳಿ: ಇಂದು ಯಾವ ಮನೆಗಳಲ್ಲಿ ಬೆಂಕಿ ಹಾಕಿದ್ದಾರೆ, ಯಾವ ಮನೆಗಳಲ್ಲಿ ಒಳನೆಲಕ್ಕೆ ಹತ್ತಲು ಬಿಡುತ್ತಾರೆ. ಬೆಂಕಿ ಇರುವ ಮನೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಉತ್ತರ ಸಿಕ್ಕ ಕೂಡಲೇ ಆ ಮನೆಗಳ ಸುತ್ತ ನಕ್ಷೆಯಲ್ಲಿ ಗುರುತು ಹಾಕಿ, ನಿಮ್ಮ ಉಳಿದ ಆಯ್ಕೆಯನ್ನು ಅವುಗಳ ಸುತ್ತ ಹೆಣೆದುಕೊಳ್ಳಿ.

ಒಂದು ಮನೆಯನ್ನು ನೋಡುವ ಕ್ರಮ

ಮೊದಲು ನೆಲ. ಬಾಗಿಲು ದಾಟಿದೊಡನೆ ನೀವು ನಿಲ್ಲುವುದು ಮಣ್ಣಿನ ನೆಲದ ಮೇಲೆ. ಇದಕ್ಕೆ ‘ದೊಮಾ’ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಚಪ್ಪಲಿಯ ಎಲ್ಲೆ ಹೊಸ್ತಿಲಿನ ಹೊರಗೇ ಮುಗಿಯುತ್ತದೆ. ಜಪಾನಿನ ರೈತನ ಮನೆಯಲ್ಲಿ ಆ ಎಲ್ಲೆ ಮನೆಯ ನಡುವೆ ಹಾದುಹೋಗುತ್ತದೆ. ಮನೆಯ ಒಂದು ಭಾಗ ಪಾದರಕ್ಷೆಯಲ್ಲಿಯೇ ಓಡಾಡುವ, ಅಡುಗೆ ಮಾಡುವ, ಧಾನ್ಯ ಕುಟ್ಟುವ, ಹಗ್ಗ ಹೊಸೆಯುವ ಮಣ್ಣಿನ ನೆಲ. ಇನ್ನೊಂದು ಭಾಗ ಮೊಣಕಾಲೆತ್ತರಕ್ಕೆ ಏರಿದ, ಕೂರುವ ಮತ್ತು ಮಲಗುವ ನೆಲ. ದೊಮಾ ಮನೆಯ ಎಷ್ಟು ಪಾಲು ಇದೆ ಎಂದು ಅಂದಾಜು ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಾಗೆಯೇ ಏರಿದ ನೆಲ ಏತರದ್ದು ಎಂದು ನೋಡಿ: ಬಿದಿರಿನ ಸೀಳುಗಳೇ, ಮರದ ಹಲಗೆಯೇ, ತತಾಮಿ ಚಾಪೆಯೇ? ತತಾಮಿ ಹಾಸಿದ ಕೋಣೆ ಇದೆಯೆಂದರೆ ಆ ಮನೆಗೆ ಅಧಿಕಾರಿಗಳೋ ಗೌರವದ ಅತಿಥಿಗಳೋ ಬರುತ್ತಿದ್ದರೆಂದು ಊಹಿಸಬಹುದು.

ಆಮೇಲೆ ಒಲೆ. ಏರಿದ ನೆಲದ ನಡುವೆ ಹಲಗೆಗಳನ್ನು ಕತ್ತರಿಸಿ ಮಾಡಿದ ಚೌಕ ಗುಳಿಯೇ ‘ಇರೊರಿ’. ಬೂದಿ ತುಂಬಿದ ಆ ಗುಳಿಯ ನಡುವೆ ಎರಡು ಮೂರು ಕಟ್ಟಿಗೆ ತುಂಡುಗಳು ಮೂತಿ ಮೂತಿ ತಾಗಿಸಿಕೊಂಡು ಮೆಲ್ಲಗೆ ಉರಿಯುತ್ತಿರುತ್ತವೆ. ಮೇಲಿನ ತೊಲೆಯಿಂದ ಇಳಿದ ಕೊಂಡಿಯಲ್ಲಿ ಕಪ್ಪು ಕಬ್ಬಿಣದ ಕೆಟಲ್ ತೂಗುತ್ತದೆ. ಆ ಕೊಂಡಿಯನ್ನು ಏರಿಸಿ ಇಳಿಸಿ ಹಿಡಿದಿಡಲು ಅಡ್ಡಕ್ಕೆ ಒಂದು ಮರದ ತುಂಡು, ಬಹಳ ಕಡೆ ಮೀನಿನ ಆಕಾರದಲ್ಲಿ ಕೆತ್ತಿದ್ದು. ನೀರಿಗೆ ಸೇರಿದ ಮೀನು ಬೆಂಕಿಯಿಂದ ಮನೆಯನ್ನು ಕಾಯಲಿ ಎಂಬ ನಂಬಿಕೆ ಅದರ ಹಿಂದಿದೆ. ಕೂರುವ ಜಾಗಗಳಿಗೂ ಹೆಸರಿದೆ: ದೊಮಾ ಎದುರಿಗೆ ಕಾಣುವಂತೆ ಕೂರುವುದು ಯಜಮಾನನ ‘ಯೊಕೊಜಾ’, ಅಡುಗೆಯ ಕಡೆಯ ಬದಿ ಮನೆಯೊಡತಿಯ ‘ಕಕಾಜಾ’, ಅದರ ಎದುರು ಬದಿ ಅತಿಥಿಯ ‘ಕ್ಯಾಕುಜಾ’, ಕಟ್ಟಿಗೆಯ ತುದಿಗಳು ಚಾಚಿಕೊಂಡಿರುವ ಕಡೆ, ಹೊಗೆ ಮುಖಕ್ಕೆ ಬಡಿಯುವಲ್ಲಿ, ಎಲ್ಲರಿಗಿಂತ ಕೆಳಗಿನವರ ‘ಕಿಜಿರಿ’. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹೆಸರುಗಳು ಸ್ವಲ್ಪ ಬದಲಾಗುತ್ತವೆ. ಬೆಂಕಿಯ ಬಳಿ ಕರೆದರೆ ಎಲ್ಲಿ ಕೂರಬೇಕೆಂದು ಸನ್ನೆಯಲ್ಲಿಯೇ ಕೇಳಿ. ಯಜಮಾನನ ಜಾಗದಲ್ಲಿ ಹೋಗಿ ಕೂತರೆ ಯಾರೂ ಬೈಯುವುದಿಲ್ಲ, ನಕ್ಕುಬಿಡುತ್ತಾರೆ.

ಹೊಗೆ ಹೋಗಲು ಚಿಮಣಿ ಇಲ್ಲ ಎಂಬುದನ್ನು ಗಮನಿಸಿ. ಮಲೆನಾಡಿನ ಹಳೆಯ ಅಡುಗೆಮನೆಯನ್ನು ಕಂಡವರಿಗೆ ಇದು ಹೊಸದಲ್ಲ. ಒಲೆಯ ಮೇಲಿನ ಹೊಗೆ ಅಟ್ಟ, ತೊಲೆಗೆ ಜೋತುಬಿದ್ದ ಇಲ್ಲಣ, ಎಲ್ಲವೂ ಕೂಡಲೇ ನೆನಪಾಗುತ್ತವೆ. ಆ ಹೊಗೆ ಮಾಡಿನ ಹುಲ್ಲಿನೊಳಗೆ ನುಸುಳಿ ಹೋಗುವಾಗ ಹುಳುಗಳನ್ನು ಓಡಿಸುತ್ತದೆ, ಹುಲ್ಲನ್ನೂ ಕಟ್ಟಿದ ಹಗ್ಗವನ್ನೂ ಒಣಗಿಸಿ ಗಟ್ಟಿಮಾಡುತ್ತದೆ. ಬೆಂಕಿ ನಿಂತರೆ ಮಾಡು ಬೇಗ ಕೊಳೆಯುತ್ತದೆ. ಆದ್ದರಿಂದಲೇ ಇಲ್ಲಿ ಸ್ವಯಂಸೇವಕರು ಮನೆಯಿಂದ ಮನೆಗೆ ಸರದಿಯಂತೆ ಒಲೆ ಹಚ್ಚುತ್ತಾರೆ. ಪ್ರವಾಸಿಗರಿಗಾಗಿ ನಡೆಯುವ ಪ್ರದರ್ಶನವೆಂದು ತೋರಿದರೂ ಮೂಲತಃ ಅದು ಮನೆಯ ಆರೈಕೆ. ಅವರಲ್ಲಿ ಬಹುತೇಕರು ಹಿರಿಯರು, ಮಾತಿಗೆ ಸದಾ ಸಿದ್ಧರು. ‘ಸುಮಿಮಾಸೆನ್’ ಎಂದು ಮಾತು ತೆಗೆದು, ಒಳನೆಲವನ್ನು ತೋರಿಸಿ ‘ಅಗತ್ತೆ ಮೊ ಈ ದೆಸ್ ಕಾ’ ಎಂದರೆ ಮೇಲೆ ಹತ್ತಬಹುದೇ ಎಂದು ಕೇಳಿದಂತೆ. ಅವರ ಮುಖದ ಫೋಟೊ ತೆಗೆಯುವ ಮುನ್ನ ಮಾತ್ರ ಕೇಳಲೇಬೇಕು.

ಮೂರನೆಯದು ಕಂಬ. ಕಂಬಕ್ಕೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ಓರೆಯಾಗಿ ನೋಡಿ. ಹಳೆಯ ಮನೆಗಳ ಮರದ ಮೈ ತೋಪಡ ಹೊಡೆದಂತೆ ನುಣುಪಾಗಿರುವುದಿಲ್ಲ. ಬಾಚಿಯ ಏಟುಗಳು ಮೀನಿನ ಹೊಪ್ಪಳೆಯ ಹಾಗೆ ಸಾಲಾಗಿ ಬಿದ್ದಿರುತ್ತವೆ. ಕೆಲವು ಕಂಬಗಳ ಬದಿಯಲ್ಲಿ ಏತಕ್ಕೂ ಬಾರದ ಗುಳಿಗಳು ಕಾಣುತ್ತವೆ. ಅವು ಹಿಂದೆ ಅಡ್ಡಮರವೋ ಗೋಡೆಯೋ ಇದ್ದ ಜಾಗದ ಸಾಕ್ಷಿ. ಮನೆಯನ್ನು ಬಿಚ್ಚುವಾಗ ಪ್ರತಿಯೊಂದು ಮರಕ್ಕೂ ಗುರುತುಚೀಟಿ ಕಟ್ಟಿ, ಇಂಥ ಗುಳಿಗಳನ್ನು ಅಳೆದು, ಮೂಲದಲ್ಲಿ ಗೋಡೆ ಎಲ್ಲಿತ್ತು, ಬಾಗಿಲು ಯಾವಾಗ ಬಂತು ಎಂದು ಲೆಕ್ಕಹಾಕಿಯೇ ಮತ್ತೆ ಕಟ್ಟುತ್ತಾರೆ. ಹಾಗಾಗಿ ನೀವು ನೋಡುತ್ತಿರುವ ರೂಪ ಬಿಚ್ಚುವ ದಿನ ಆ ಮನೆಗಿದ್ದ ರೂಪವಲ್ಲ. ಅದರ ಜೀವನದ ಯಾವುದೋ ಒಂದು ಹಿಂದಿನ ಘಟ್ಟಕ್ಕೆ ತಿರುಗಿಸಿದ ರೂಪ. ಕೊಳೆತ ಬುಡಕ್ಕೆ ಹೊಸ ಮರ ಬೆಸೆದದ್ದನ್ನೂ ಕಂಬದ ಪಾದದ ಬಳಿ ಪತ್ತೆಹಚ್ಚಬಹುದು. ಮಕ್ಕಳಿಗೆ ಇದೊಂದು ಒಳ್ಳೆಯ ಆಟ.

ಕೊನೆಗೆ ಮಾಡು. ದೊಮಾದ ನಡುವೆ ನಿಂತು ಕತ್ತೆತ್ತಿ. ಅಟ್ಟದ ಮರೆಯಿಲ್ಲದ ಮನೆಗಳಲ್ಲಿ ತೊಲೆ, ಪಕಾಸಿ, ರೀಪು, ಹುಲ್ಲಿನ ಒಳಮೈ, ಎಲ್ಲವೂ ಕಾಣುತ್ತವೆ. ಮಾಡಿನ ಭಾಗದಲ್ಲಿ ಮೊಳೆಗಳನ್ನು ಹುಡುಕಿ. ಸಿಗುವುದು ಹಗ್ಗದ ಗಂಟುಗಳು. ಈ ನಾಲ್ಕೂ ಮುಗಿದ ಮೇಲೆ ಹೊರಗೆ ಬಂದು ಮನೆಯನ್ನು ಸುತ್ತು ಹಾಕಿ. ಒಳಗೆ ಕಂಡದ್ದಕ್ಕೆ ಹೊರಗಿನ ಆಕಾರ ಉತ್ತರ ಕೊಡತೊಡಗುತ್ತದೆ.

ಯಾವ ಮನೆಗಳು, ಯಾವ ಸಾಲಿನಲ್ಲಿ

ಮುಖ್ಯ ದ್ವಾರದ ಬಳಿಯೇ ಸಿಗುವ ಹಾರಾ ಮನೆಯನ್ನು ಹಾಗೆಯೇ ಒಂದು ಸುತ್ತು ನೋಡಿ ಮುಂದೆ ಹೋಗಬಹುದು. ಕವಾಸಾಕಿಯ ಸಿರಿವಂತರ ಎರಡಂತಸ್ತಿನ ಈ ಮನೆ ಮುಗಿಯಲು 22 ವರ್ಷ ಹಿಡಿದು 1911ರಲ್ಲಿ ಪೂರ್ತಿಯಾಯಿತು. ಮರಗೆಲಸ ಅಚ್ಚುಕಟ್ಟು, ಆದರೆ ಈ ಜಾಗದ ಜೀವ ಇಲ್ಲಿಲ್ಲ. ಅದರ ಆಚೆಯ ಸಾಲಿನಲ್ಲಿ ಹೆದ್ದಾರಿಯ ಬದಿಯ ಮನೆಗಳಿವೆ. ಫುಕುಶಿಮಾದಿಂದ ಬಂದ ಸುಜುಕಿ ಮನೆ ಕುದುರೆ ವ್ಯಾಪಾರಿಗಳು ತಂಗುತ್ತಿದ್ದ ಛತ್ರ; ಕುದುರೆಗಳಿಗೂ ಒಳಗೇ ಜಾಗ. ನಾರಾದಿಂದ ಬಂದ ಇಒಕಾ ಮನೆ ಎಣ್ಣೆ ವ್ಯಾಪಾರಿಯದ್ದು, ಹೆಂಚಿನ ಮಾಡು. ನಾಗಾನೊ ಪ್ರಾಂತ್ಯದ ಮಿಸಾವಾ ಮನೆ ಔಷಧದ ಅಂಗಡಿಯಾಗಿತ್ತು; ಅದರ ಮಾಡು ಹಲಗೆಯದು, ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರಿದ್ದಾರೆ. ಹುಲ್ಲು, ಹೆಂಚು, ಹಲಗೆ ಮೂರನ್ನೂ ಕೆಲವೇ ಹೆಜ್ಜೆಗಳ ಅಂತರದಲ್ಲಿ ಹೋಲಿಸಿ ನೋಡಬಹುದಾದ್ದು ಇಲ್ಲಿ ಮಾತ್ರ.

ಅಲ್ಲಿಂದ ಮೇಲೇರಿದರೆ ಹಿಮದ ನಾಡಿನ ಮನೆಗಳು. 1731ರ ಸಾಸಾಕಿ ಮನೆ ಹಳ್ಳಿಯ ಮುಖ್ಯಸ್ಥನದು. ಅದರಾಚೆ ‘ಗಶ್ಶೊ’ ಎಂಬ, ಕೈಮುಗಿದ ಆಕಾರದ ಕಡಿದಾದ ಮಾಡಿನ ನಾಲ್ಕು ಮನೆಗಳು ಒಟ್ಟಿಗಿವೆ: ತೊಯಾಮಾ ಪ್ರಾಂತ್ಯದ ಎಮುಕಾಯಿ, ಯಾಮಾದಾ ಮತ್ತು ನೊಹಾರಾ ಮನೆಗಳು, ಗಿಫು ಪ್ರಾಂತ್ಯದ ಶಿರಾಕಾವಾದಿಂದ ಬಂದ ಯಾಮಾಶಿತಾ ಮನೆ. ಶಿರಾಕಾವಾಗೊ ಹಳ್ಳಿಗೇ ಹೋಗಿ ಬರಲು ಟೋಕಿಯೊದಿಂದ ಎರಡು ದಿನ ಬೇಕು. ಅಷ್ಟು ಬಿಡುವಿಲ್ಲದವರು ಇಲ್ಲಿ ಒಂದು ಗಂಟೆ ಕಳೆದರೆ ಒಳರಚನೆಯನ್ನು ಅಲ್ಲಿಗಿಂತ ನಿರಾತಂಕವಾಗಿ ನೋಡಬಹುದು. ಮಾಡಿನ ಎರಡು ಇಳಿಜಾರುಗಳನ್ನು ಹೊತ್ತ ದೊಡ್ಡ ಮರಗಳ ಬುಡವನ್ನು ಪೆನ್ಸಿಲ್ಲಿನಂತೆ ಚೂಪು ಮಾಡಿ ತೊಲೆಯ ಗುಳಿಯಲ್ಲಿ ನಿಲ್ಲಿಸಿರುತ್ತಾರೆ, ಹಗ್ಗದಿಂದಲೂ ಹಸಿ ಕೊಂಬೆಯನ್ನು ಹಿಂಡಿ ಮಾಡಿದ ಬಳ್ಳಿಯಿಂದಲೂ ಬಿಗಿಯುತ್ತಾರೆ. ಮಾಡಿನ ಕೆಳಗಿನ ಅಟ್ಟಗಳಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ರಾಮನಗರ, ಕೋಲಾರದ ಕಡೆಯ ರೇಷ್ಮೆ ರೈತರ ಮನೆಯಿಂದ ಬಂದವರಿಗೆ ಅಲ್ಲಿನ ತಟ್ಟೆ, ಚಂದ್ರಿಕೆಗಳ ಜಪಾನಿ ದಾಯಾದಿಗಳನ್ನು ಗುರುತಿಸುವುದು ಕಷ್ಟವಾಗದು. ನೆಲದ ಕೆಳಗಿನ ಕಥೆ ಇನ್ನೂ ಸ್ವಾರಸ್ಯದ್ದು: ತೊಯಾಮಾದ ಗೊಕಾಯಾಮಾ ಹಳ್ಳಿಗಳಲ್ಲಿ ಒಲೆಯ ಪಕ್ಕದ ನೆಲದಡಿ ಗುಂಡಿ ತೆಗೆದು, ಮಣ್ಣು, ಹುಲ್ಲು, ರೇಷ್ಮೆಹುಳದ ಹಿಕ್ಕೆಗಳನ್ನು ಪದರ ಪದರವಾಗಿ ಹಾಕಿ ವರ್ಷಗಟ್ಟಲೆ ಕೊಳೆಸಿ, ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು ತೆಗೆದು ಕಾಗಾ ಸಂಸ್ಥಾನಕ್ಕೆ ಒಪ್ಪಿಸುತ್ತಿದ್ದರು. ಮೇಲೆ ರೇಷ್ಮೆ, ಕೆಳಗೆ ಮದ್ದು, ನಡುವೆ ಸಂಸಾರ. ಇಷ್ಟು ದೊಡ್ಡ ಮಾಡಿಗೆ ಹುಲ್ಲು ಹೊದೆಸುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಹಳ್ಳಿಯವರೆಲ್ಲ ಸೇರಿ ಮಾಡುತ್ತಿದ್ದ ಆ ಪದ್ಧತಿಗೆ ಅವರು ‘ಯುಇ’ ಎನ್ನುತ್ತಾರೆ, ನಾವು ಮುಯ್ಯಾಳು ಎನ್ನುತ್ತೇವೆ.

ಮುಂದೆ ಬರುವ, ಟೋಕಿಯೊ ಸುತ್ತಲಿನ ಕಾಂತೊ ಪ್ರದೇಶದ ಮನೆಗಳಲ್ಲಿ ಸಾಕುದಾ ಮನೆಯನ್ನು ಬಿಡಬಾರದು. ಚಿಬಾದ ಕುಜುಕುರಿ ಕಡಲತೀರದಲ್ಲಿ ಬಲೆಗಳ ಒಡೆಯರಾಗಿ ಸಾರ್ಡೀನ್, ಅಂದರೆ ಬೂತಾಯಿ ಜಾತಿಯ ಮೀನು ಹಿಡಿಸಿ ದುಡ್ಡು ಮಾಡಿದವರ ಮನೆಯಿದು. ಒಳಗೆ ನಿಂತು ಕತ್ತೆತ್ತಿದರೆ ಹಾವಿನಂತೆ ಬಳುಕಿದ ಪೈನ್ ಮರದ ತೊಲೆಗಳು ಒಂದರ ಮೇಲೊಂದು ಹಾಯ್ದುಹೋಗಿರುವುದು ಕಾಣುತ್ತದೆ. ನೆಟ್ಟಗಿನ ಮರ ಸಿಗಲಿಲ್ಲವೆಂದು ಅಳುಕದೆ, ಡೊಂಕನ್ನೇ ಬಲವಾಗಿಸಿಕೊಂಡ ಬಡಗಿಯ ಕೈ ಅದು. ಇಲ್ಲಿ ವಾಸದ ಭಾಗಕ್ಕೊಂದು, ದೊಮಾಕ್ಕೊಂದು ಎಂದು ಎರಡು ಪ್ರತ್ಯೇಕ ಮಾಡುಗಳಿವೆ. ಅವು ಸೇರುವಲ್ಲಿ ಮಳೆನೀರಿಗೆ ಒಂದು ದೋಣಿ. ನಮ್ಮ ತೊಟ್ಟಿಮನೆಯಲ್ಲಿ ನಾಲ್ಕು ಮಾಡುಗಳ ನೀರನ್ನು ಅಂಗಳಕ್ಕೆ ಇಳಿಸಿಕೊಂಡೆವು, ಅವರು ಎರಡು ಮಾಡುಗಳ ನೀರನ್ನು ಹೊರಗೆ ಕಳುಹಿಸಿದರು. ಇಬಾರಾಕಿಯ ಒತಾ ಮನೆಯೂ ಇದೇ ಬಗೆಯದು. ಅದು ಇಲ್ಲಿಗೆ ಬಂದ ಮೇಲೆ 1990ರಲ್ಲಿ ಬೆಂಕಿಗೆ ಸಿಕ್ಕಿ, ಮತ್ತೆ ಕಟ್ಟಲ್ಪಟ್ಟಿತು.

ಯಾಮಾನಾಶಿಯ ಹಿರೊಸೆ ಮನೆಗೆ ಹೋದಾಗ ನಿಮ್ಮ ನೋಟ್‌ಬುಕ್ ತೆಗೆಯಿರಿ. ಇಲ್ಲಿ ವಾಸದ ಕೋಣೆಯಲ್ಲಿಯೂ ಏರಿದ ನೆಲವಿಲ್ಲ. ಮಣ್ಣಿನ ಮೇಲೆಯೇ ಚಾಪೆ ಹಾಸಿ ಕುಟುಂಬ ಬದುಕಿತ್ತು. ಅಲ್ಲಿಂದ ಹಡಾನೊದ ಕಿತಾಮುರಾ ಮನೆಗೆ ಬಂದರೆ ಬಿದಿರಿನ ಸೀಳುಗಳ ನೆಲ, ಪಕ್ಕದಲ್ಲಿ ತತಾಮಿಯ ಕೋಣೆ. ಕಿತಾಮುರಾ ಮನೆಯ ಕಾಲ 1687 ಎಂದು ಖಚಿತವಾಗಿ ಹೇಳಬಹುದು, ಏಕೆಂದರೆ ಬಿಚ್ಚುವಾಗ ಮರದ ಮೇಲೆ ಮಸಿಯಲ್ಲಿ ಬರೆದ ದಿನಾಂಕ ಸಿಕ್ಕಿತು. ಹೆಚ್ಚಿನ ರೈತರ ಮನೆಗಳಿಗೆ ಇಂಥ ಜಾತಕವಿಲ್ಲ. ಫಲಕಗಳಲ್ಲಿ ‘17ನೆಯ ಶತಮಾನದ ಕೊನೆ’ ಎಂಬಂಥ ಅಂದಾಜುಗಳೇ ಇರುತ್ತವೆ. ಹಿರೊಸೆ, ಕಿತಾಮುರಾ, ಸಾಸಾಕಿ ಮೂರರ ನೆಲವನ್ನು ನೀವು ಬರೆದುಕೊಂಡಿದ್ದರೆ, ಮಣ್ಣಿನಿಂದ ಬಿದಿರಿಗೆ, ಬಿದಿರಿನಿಂದ ಹಲಗೆ ಮತ್ತು ತತಾಮಿಗೆ ಜಪಾನಿನ ರೈತ ಏರಿದ ಮೆಟ್ಟಿಲುಗಳು ಒಂದೇ ಪುಟದಲ್ಲಿ ಕಾಣುತ್ತವೆ. ಆ ಏಣಿಯನ್ನು ಎಲ್ಲರೂ ಒಟ್ಟಿಗೆ ಏರಲಿಲ್ಲ ಎಂಬುದೂ ಕಾಣುತ್ತದೆ.

ಇನ್ನು ಸ್ಥಳೀಯ ಮನೆಗಳು. ಕಿಯೊಮಿಯಾ ಮನೆಯ ಮಾಡಿನ ನೆತ್ತಿಯ ಮೇಲೆ ಐರಿಸ್ ಗಿಡಗಳನ್ನು ನೆಟ್ಟಿದ್ದಾರೆ. ಬೇರುಗಳು ಹೆಣೆದುಕೊಂಡು ಮಾಡಿನ ಕೀಲನ್ನು ಬಿಗಿಯಾಗಿ ಹಿಡಿಯುತ್ತವೆ, ವಸಂತದಲ್ಲಿ ಹೂ ಬಿಡುವುದು ಮೇಲಿನ ಲಾಭ. ಅದರ ನೆರೆಯಲ್ಲಿ ಮೊದಲೇ ಹೇಳಿದ ಇತೊ ಮನೆ. ಮುಂಭಾಗದ ಮರದ ಸರಳಿನ ಕಿಟಕಿಗೆ ‘ಶಿಶಿ-ಮಾದೊ’ ಎಂಬ ಹೆಸರು. ಕಾಡುಹಂದಿಯಂಥ ಪ್ರಾಣಿಗಳು ಒಳನುಗ್ಗದಿರಲೆಂದು ಹಾಕಿದ್ದೆನ್ನುತ್ತಾರೆ. ಇಂದಿನ ಕವಾಸಾಕಿಯ ಅಪಾರ್ಟ್‌ಮೆಂಟ್‌ಗಳ ನಡುವಿನಿಂದ ಬಂದು ಆ ಸರಳುಗಳ ಎದುರು ನಿಂತಾಗ ನನಗೆ ಪ್ರತಿಸಲವೂ ಸ್ವಲ್ಪ ನಗು ಬರುತ್ತದೆ.

ಮೂಲೆಯಲ್ಲಿರುವ ಎರಡನ್ನು ಕೊನೆಗಿಟ್ಟುಕೊಳ್ಳಿ. ಮಿಎ ಪ್ರಾಂತ್ಯದ ಮೀನುಗಾರರ ಹಳ್ಳಿಯೊಂದರಿಂದ ಬಂದ 1857ರ ಕಾಬುಕಿ ಎಂಬ ಸಾಂಪ್ರದಾಯಿಕ ನಾಟಕದ ರಂಗಮಂಚದ ನಡುಭಾಗ ತಿರುಗುತ್ತದೆ. ತಿರುಗಿಸುವವರು ಕೆಳಗಿನ ನೆಲಮಾಳಿಗೆಯಲ್ಲಿ ನಿಂತು ತಳ್ಳುತ್ತಿದ್ದರು. ಪ್ರೇಕ್ಷಕರಿಗೆ ಬಯಲೇ ಗತಿ, ನಮ್ಮ ಬಯಲಾಟದ ಹಾಗೆ. ಉತ್ತರದ ಇವಾತೆಯಿಂದ ಬಂದ ಕುದೊ ಮನೆ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಮುರಿದುಕೊಂಡಿದೆ. ಮುರಿದ ತೋಳಿನಲ್ಲಿ ಕುದುರೆ ಲಾಯ. ಕಠಿಣ ಚಳಿಯ ಆ ಸೀಮೆಯಲ್ಲಿ ಮನುಷ್ಯರೂ ಕುದುರೆಗಳೂ ಒಂದೇ ಮಾಡಿನಡಿ ಬದುಕಿದರು. ಒಲೆಯ ಬಳಿ ಕೂತು ಲಾಯದ ಕಡೆ ಕಣ್ಣಿಡಬಹುದಿತ್ತು. ಕೊಟ್ಟಿಗೆಯ ಸದ್ದು ಕೇಳುತ್ತ ನಿದ್ದೆ ಹೋದ ಬಾಲ್ಯವುಳ್ಳವರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಊಟದ ವಿಷಯ

ಯಾಮಾಶಿತಾ ಮನೆಯ ಕೆಳಭಾಗದಲ್ಲಿ ಸೊಬಾ ನೂಡಲ್ಸ್‌ನ ಊಟದ ಅಂಗಡಿಯಿದೆ. ಗಶ್ಶೊ ಮಾಡಿನಡಿ ಕೂತು ತಿನ್ನುವುದು ಒಳ್ಳೆಯ ಅನುಭವವೇ, ಆದರೆ ಸಸ್ಯಾಹಾರಿಗಳು ಮೋಸಹೋಗಬಾರದು: ತಟ್ಟೆಯಲ್ಲಿ ತರಕಾರಿ, ಅಣಬೆಗಳಷ್ಟೇ ಕಂಡರೂ ಸಾಮಾನ್ಯವಾಗಿ ಸೊಬಾ ಸಾರಿನ ತಳಹದಿ ಒಣಗಿಸಿದ ಬೊನಿಟೊ ಮೀನಿನದು. ಅದನ್ನು ಒಪ್ಪದವರು ಚಿತ್ರಾನ್ನವನ್ನೋ ಪಲ್ಯ ಚಪಾತಿಯನ್ನೋ ಕಟ್ಟಿಕೊಂಡು ಹೋಗಿ, ಹೊರಗಿನ ಇಕುತಾ ರ್ಯೊಕುಚಿ ಉದ್ಯಾನದಲ್ಲಿ ತಿಂದು ಒಳಗೆ ಹೋಗುವುದು ಸರಿ. ಮನೆಗಳ ಒಳಗೆ ತಿನ್ನುವಂತಿಲ್ಲ. ಸಿಗರೇಟಿನ ಮಾತಂತೂ ಬೇಡವೇ ಬೇಡ, ಸುತ್ತ ಇರುವುದೆಲ್ಲ ಒಣಹುಲ್ಲು. ಕಸವನ್ನು ಚೀಲದಲ್ಲಿ ಹಿಂದಕ್ಕೆ ತರಬೇಕು.

ಹಿರಿಯರು, ಮಕ್ಕಳು ಜೊತೆಗಿದ್ದರೆ

ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮೊಣಕಾಲಿನ ಸ್ಥಿತಿಯನ್ನು ಮೊದಲು ವಿಚಾರಿಸಿಕೊಳ್ಳಿ. ಏರು ದಾರಿ, ಎತ್ತರದ ಹೊಸ್ತಿಲು, ತಗ್ಗು ಬಾಗಿಲು, ಮೇಲೆ ಹತ್ತಲು ಮೊಣಕಾಲೆತ್ತರದ ನೆಲ; ಇವೆಲ್ಲ ದಣಿವಿನ ವಿಷಯ. ಅವರೊಂದಿಗೆ ಹೆದ್ದಾರಿಯ ಮನೆಗಳು ಮತ್ತು ಗಶ್ಶೊ ಮನೆಗಳವರೆಗೆ ಹೋಗಿ, ಬೆಂಕಿಯಿರುವ ಒಂದು ಮನೆಯ ಅಂಚಿನಲ್ಲಿ ಅರ್ಧ ಗಂಟೆ ಕೂತು ಹಿಂತಿರುಗಿದರೆ ಸಾಕು. ನನ್ನ ಅನುಭವದಲ್ಲಿ ಈ ಜಾಗವನ್ನು ಎಲ್ಲರಿಗಿಂತ ಚೆನ್ನಾಗಿ ಓದುವವರು ಅವರೇ. ಬೀಸುವ ಕಲ್ಲು, ಮೊರ, ಬುಟ್ಟಿಗಳ ಮುಂದೆ ನಾವು ಫಲಕವನ್ನು ಓದುವಷ್ಟರಲ್ಲಿ ಅವರು ಅದನ್ನು ಹಿಡಿಯುವ ಭಂಗಿಯನ್ನೇ ತೋರಿಸಿಬಿಡುತ್ತಾರೆ. ಮಕ್ಕಳಿಗಾದರೆ ಪಶ್ಚಿಮ ದ್ವಾರದ ಬಳಿಯ ಕರಕುಶಲ ಮಂದಿರದಲ್ಲಿ ನೀಲಿ ಬಣ್ಣದಲ್ಲಿ ಕರವಸ್ತ್ರ ಅದ್ದುವ ಕೆಲಸವನ್ನು ಶುಲ್ಕ ಕೊಟ್ಟು ಮಾಡಬಹುದು. ಅದಕ್ಕೆ ಸಮಯ ಹಿಡಿಯುವುದರಿಂದ ಮನೆಗಳ ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿ.

ಇಷ್ಟಕ್ಕೂ ರುಚಿ ಹತ್ತಿದವರಿಗೆ

ನಮ್ಮಲ್ಲಿ ಇಂಥ ಕೆಲಸ ನಡೆದದ್ದೇ ಇಲ್ಲವೆಂದು ಭಾವಿಸಬೇಕಾಗಿಲ್ಲ. ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನು ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದೇ ಜಾತಿಯದು. ಎರಡನ್ನೂ ನೋಡಿದವರಿಗೆ ಮಣಿಪಾಲದಲ್ಲಿ ಒಬ್ಬ ವ್ಯಕ್ತಿಯ ಹಂಬಲವೂ ಕವಾಸಾಕಿಯಲ್ಲಿ ಒಂದು ನಗರಸಭೆಯ ದುಡ್ಡೂ ಎದ್ದು ಕಾಣುತ್ತವೆ.

ಜಪಾನಿನಲ್ಲಿಯೇ ಮುಂದುವರಿಯುವುದಾದರೆ ಐಚಿ ಪ್ರಾಂತ್ಯದ ಇನುಯಾಮಾದಲ್ಲಿ 1965ರಲ್ಲಿ ತೆರೆದ ಮೇಜಿ-ಮುರಾ ಎಂಬ ಬಯಲು ವಸ್ತುಸಂಗ್ರಹಾಲಯ ಇದೆ. ಅಲ್ಲಿರುವುದು ಪಶ್ಚಿಮದ ಗಾಳಿ ಬೀಸಿದ ಮೇಲಿನ ಶಾಲೆ, ಚರ್ಚು, ಜೈಲುಗಳಂಥ ಕಟ್ಟಡಗಳು ಮತ್ತು ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದ ಇಂಪೀರಿಯಲ್ ಹೋಟೆಲಿನ ಮುಂಭಾಗ. ಅಷ್ಟು ದೂರ ಬೇಡವೆಂದರೆ ಟೋಕಿಯೊದ ಕೊಗಾನೆಯಿ ಉದ್ಯಾನದಲ್ಲಿ 1993ರಲ್ಲಿ ತೆರೆದ ಎದೊ-ಟೋಕಿಯೊ ತತೆಮೊನೊ-ಎನ್ ಇದೆ. ರೈತರ ಮನೆಗಳು ಅಲ್ಲಿ ಕೆಲವೇ. ಬದಲಿಗೆ 1929ರ ಸಾರ್ವಜನಿಕ ಸ್ನಾನಗೃಹ, ಸೋಯಾ ಸಾಸಿನ ಅಂಗಡಿ, ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡ್ರಾಯರುಗಳಿರುವ ಲೇಖನ ಸಾಮಗ್ರಿಯ ಅಂಗಡಿ, 1936ರ ಫೆಬ್ರವರಿ 26ರ ಬೆಳಗಿನ ಜಾವ ಹಣಕಾಸು ಸಚಿವ ತಾಕಾಹಾಶಿ ಕೊರೆಕಿಯೊ ಅವರ ಕೊಲೆ ನಡೆದ ಮಹಡಿಯ ಮನೆ, ಇಂಥ ಪಟ್ಟಣದ ಬದುಕು ಸಾಲುಗಟ್ಟಿ ನಿಂತಿದೆ. ಹಳ್ಳಿಯ ಮನೆಯನ್ನು ನೋಡಲು ಕಲಿತ ನೆಲ, ಒಲೆ, ಕಂಬ, ಮಾಡು ಎಂಬ ಕ್ರಮ ಅಲ್ಲಿನ ಅಂಗಡಿಗಳಿಗೆ ಹೊಂದುವುದಿಲ್ಲ; ಅಲ್ಲಿ ಬೀದಿಯ ಮುಂಗಟ್ಟಿನಿಂದ ಶುರುಮಾಡಿ ಹಿತ್ತಲಿನ ಕಡೆಗೆ ನಡೆಯಬೇಕು. ಮುಸಾಶಿ-ಕೊಗಾನೆಯಿ ನಿಲ್ದಾಣದಿಂದ ಬಸ್ಸಿದೆ. ಹೊರಡುವ ಮುನ್ನ ಕ್ಯಾಲೆಂಡರ್ ನೋಡಿ, ಅದಕ್ಕೂ ಸೋಮವಾರವೇ ರಜೆ.